ಹಸುಳೆಯ ಹೃದಯಕ್ಕೆ ತಂದೆಯ ಆಸರೆ

ಹುಟ್ಟುವ ಪ್ರತಿ ಸಾವಿರ ಶಿಶುಗಳಲ್ಲಿ ಸುಮಾರು ೮ರಿಂದ ೧೦ ಶಿಶುಗಳ ಹೃದಯದ ರಚನೆಯಲ್ಲಿ ಏನಾದರೊಂದು ಲೋಪವಿರುತ್ತದೆ. ಲೋಪವು ಅಲ್ಪವಾಗಿದ್ದರೆ ಮಗು ಅದರ ಬಾಧೆಯನ್ನೇ ಅರಿಯದೆ ಬೆಳೆದುಬಿಡಬಹುದು. ದೊಡ್ಡದಾಗಿದ್ದರೆ, ತೊಟ್ಟಿಲಲ್ಲಿ ಮಲಗಬೇಕಾದ ಕೂಸು ಆಸ್ಪತ್ರೆಯ ಮಂಚವನ್ನು ಸೇರುವುದು; ಅದರೊಡನೆ ತಾಯಿ, ತಂದೆ, ಅಜ್ಜಿ, ಹೀಗೆ ಇಡಿಯ ಸಂಸಾರವೇ ಆಸ್ಪತ್ರೆಯ ವಾಸಕ್ಕೆ ಬಂದಂತಾಗುವುದು. ಸಕಾಲದಲ್ಲಿ ತಕ್ಕ ಚಿಕಿತ್ಸೆ ದೊರೆತರೆ ಇಂದು ಅಂತಹ ಸಂಸಾರಗಳಲ್ಲಿ ಹೆಚ್ಚಿನವು ಗುಣ ಹೊಂದಿದ ಮಗುವನ್ನು ಎತ್ತಿಕೊಂಡು ಮನೆಗೆ ಮರಳುತ್ತವೆ. ಎಪ್ಪತ್ತೈದು ವರ್ಷಗಳ ಹಿಂದೆ ಈ ಸ್ಥಿತಿಯಿರಲಿಲ್ಲ. ಬದಲಾವಣೆಯ ಒಂದು ಮುಖ್ಯ ಘಟ್ಟದಲ್ಲಿ, ೧೯೫೪ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದ ಆಸ್ಪತ್ರೆಯೊಂದರಲ್ಲಿ ಒಬ್ಬ ತಂದೆಯು ಹದಿಮೂರು ತಿಂಗಳ ತನ್ನ ಮಗನಿಗೆ ಕೆಲವು ನಿಮಿಷಗಳ ಕಾಲ ತನ್ನ ಹೃದಯವನ್ನೂ ಶ್ವಾಸಕೋಶಗಳನ್ನೂ ಎರವಲು ಕೊಟ್ಟನು. ಈ ಮಾತು ಅಕ್ಷರಶಃ ನಿಜ. ಅದೇಕೆ ಅಗತ್ಯವಾಯಿತು, ಹೇಗೆ ಸಾಧ್ಯವಾಯಿತು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಜೋಡಿ ಪಂಪು

ಹೃದಯವು ನೋಟಕ್ಕೆ ಒಂದೇ ಅಂಗವಾದರೂ ಕೆಲಸದಲ್ಲಿ ಅದು ಅಕ್ಕಪಕ್ಕದಲ್ಲಿ ಕೂಡಿಸಿಟ್ಟ ಎರಡು ಪಂಪುಗಳಿಗೆ ಸಮಾನ. ಪ್ರತಿಯೊಂದು ಪಂಪಿಗೂ ರಕ್ತವನ್ನು ಬರಮಾಡಿಕೊಳ್ಳುವ ಒಂದು ಹೃತ್ಕರ್ಣ, ಅದನ್ನು ಹೊರಗೆ ನೂಕುವ ಒಂದು ಹೃತ್ಕುಕ್ಷಿ ಉಂಟು. ದೇಹವನ್ನೆಲ್ಲ ಸುತ್ತಿ ಆಮ್ಲಜನಕವನ್ನು ಕಳೆದುಕೊಂಡು ಬಂದ ಕಪ್ಪುಗೆಂಪು ರಕ್ತವನ್ನು ಬಲ ಹೃತ್ಕುಕ್ಷಿಯು ಶ್ವಾಸಕೋಶಗಳಿಗೆ ಕಳುಹಿಸುವುದು. ಅಲ್ಲಿ ರಕ್ತವು ಇಂಗಾಲದ ಡೈಆಕ್ಸೈಡನ್ನು ಬಿಟ್ಟು, ಆಮ್ಲಜನಕವನ್ನು ಪಡೆದು, ಹೊಳೆಯುವ ಕೆಂಪು ಬಣ್ಣ ತಳೆದು ಹೃದಯದ ಎಡಭಾಗಕ್ಕೆ ಬರುವುದು. ಎಡ ಹೃತ್ಕುಕ್ಷಿಯು ಅದನ್ನು ಮಹಾಪಧಮನಿಯ ಮೂಲಕ ತಲೆಯಿಂದ ಕಾಲ್ಬೆರಳಿನವರೆಗೆ ದೇಹದ ಎಲ್ಲ ಭಾಗಗಳಿಗೂ ಹಂಚುವುದು.

ಈ ಎರಡು ಪಂಪುಗಳ ಬಲ ಸಮನಾದುದಲ್ಲ. ವಯಸ್ಕರಲ್ಲಿ ಎಡ ಹೃತ್ಕುಕ್ಷಿಯು ಸಂಕುಚಿಸಿದಾಗ ಅದರೊಳಗಿನ ಒತ್ತಡವು ಸುಮಾರು ೧೨೦ ಮಿಲಿಮೀಟರ್ ಪಾದರಸದಷ್ಟಿದ್ದರೆ, ಬಲ ಹೃತ್ಕುಕ್ಷಿಯಲ್ಲಿ ಅದು ಸುಮಾರು ೨೫ ಮಿಲಿಮೀಟರ್ ಮಾತ್ರ. ಶ್ವಾಸಕೋಶಗಳು ಹೃದಯದ ಪಕ್ಕದಲ್ಲಿಯೇ ಇವೆ. ಅವುಗಳ ರಕ್ತನಾಳಗಳು ಮೃದು. ಆದುದರಿಂದ ಅಲ್ಲಿಗೆ ಅಲ್ಪ ಒತ್ತಡವೇ ಸಾಕು.

ಇಷ್ಟು ಭಿನ್ನವಾದ ಎರಡು ಒತ್ತಡಗಳ ನಡುವೆ ನಿಂತಿರುವುದು ಮಾಂಸಖಂಡದ ಒಂದು ಗೋಡೆ. ಭ್ರೂಣದ ಆರಂಭದ ದಿನಗಳಲ್ಲಿ ಈ ಗೋಡೆ ಇರುವುದಿಲ್ಲ. ಕೆಳಗಿನಿಂದಲೂ ಮೇಲಿನಿಂದಲೂ ಬೆಳೆದುಬಂದ ಭಾಗಗಳು ಗರ್ಭದ ಎಂಟನೆಯ ವಾರದ ಹೊತ್ತಿಗೆ ಒಂದನ್ನೊಂದು ಕೂಡಿ ಗೋಡೆಯು ಪೂರ್ಣವಾಗಬೇಕು. ಆ ಕೂಡುವಿಕೆಯಲ್ಲಿ ಎಲ್ಲಿಯಾದರೂ ಕೊರತೆಯಾದರೆ ರಂಧ್ರವು ಉಳಿದುಬಿಡುವುದು. ಹುಟ್ಟಿನಿಂದ ಬರುವ ಹೃದಯದೋಷಗಳಲ್ಲಿ ಇದು ಅತಿ ಸಾಮಾನ್ಯವಾದವುಗಳಲ್ಲಿ ಒಂದು.

ರಂಧ್ರವು ಮಾಡುವ ಹಾನಿ

ಗೋಡೆಯಲ್ಲಿ ರಂಧ್ರವಿದ್ದರೆ ರಕ್ತವು ಹೆಚ್ಚು ಒತ್ತಡದ ಎಡಗಡೆಯಿಂದ ಕಡಮೆ ಒತ್ತಡದ ಬಲಗಡೆಗೆ ನುಗ್ಗುವುದು. ಈಗತಾನೇ ಶ್ವಾಸಕೋಶದಿಂದ ಬಂದ ಶುದ್ಧ ರಕ್ತದ ಒಂದು ಪಾಲು ದೇಹಕ್ಕೆ ಹೋಗುವುದರ ಬದಲು ಮತ್ತೆ ಶ್ವಾಸಕೋಶಕ್ಕೇ ಹೋಗುವುದು. ತೋಟಕ್ಕೆ ಬಿಟ್ಟ ನೀರು ಕಾಲುವೆಯ ಬಿರುಕಿನಲ್ಲಿ ಸೋರಿ ಮತ್ತೆ ಬಾವಿಗೇ ಬಿದ್ದರೆ ಏನಾಗುವುದೋ ಇಲ್ಲಿಯೂ ಅದೇ ಆಗುವುದು. ಏತ ಹೊಡೆಯುವವನು ಎಷ್ಟು ದುಡಿದರೂ ಗಿಡಗಳಿಗೆ ನೀರು ಸಾಲದು. ಶ್ವಾಸಕೋಶಗಳು ಅತಿಯಾದ ರಕ್ತದಿಂದ ತುಂಬಿ ಬಿಗಿಯುವುವು. ಎಡ ಹೃತ್ಕುಕ್ಷಿಯು ಒಂದೇ ರಕ್ತವನ್ನು ಮತ್ತೆ ಮತ್ತೆ ನೂಕಿ ಬಳಲುವುದು.

ಇಂತಹ ಮಗು ಹುಟ್ಟಿದ ದಿನ ಆರೋಗ್ಯವಾಗಿಯೇ ಕಾಣುವುದುಂಟು. ನವಜಾತ ಶಿಶುವಿನ ಶ್ವಾಸಕೋಶದ ಚಿಕ್ಕ ರಕ್ತನಾಳಗಳು ಇನ್ನೂ ದಪ್ಪವಾಗಿ, ಬಿಗಿಯಾಗಿ ಇರುವುದರಿಂದ ಬಲಗಡೆಯ ಒತ್ತಡವೂ ಹೆಚ್ಚಾಗಿರುತ್ತದೆ. ರಂಧ್ರದ ಮೂಲಕ ಹರಿಯುವ ರಕ್ತ ಕಡಮೆ. ಮುಂದಿನ ನಾಲ್ಕರಿಂದ ಎಂಟು ವಾರಗಳಲ್ಲಿ ಆ ನಾಳಗಳು ಸಡಿಲವಾದಂತೆ ಸೋರಿಕೆಯು ಏರುತ್ತದೆ. ‘ಹೆರಿಗೆಯಲ್ಲಿ ಮಗು ಚೆನ್ನಾಗಿತ್ತು, ಎರಡನೆಯ ತಿಂಗಳಲ್ಲಿ ಸೊರಗಿತು’ ಎಂದು ತಾಯಂದಿರು ವೈದ್ಯರಲ್ಲಿ ಹೇಳಿಕೊಳ್ಳುವುದರ ಕಾರಣವು ಇದೇ. ಮಗು ಹಾಲು ಕುಡಿಯುತ್ತ ಕುಡಿಯುತ್ತ ದಣಿದು ಬಿಟ್ಟುಬಿಡುವುದು, ಹಣೆಯಲ್ಲಿ ಬೆವರು ಮೂಡುವುದು, ಉಸಿರು ವೇಗವಾಗುವುದು, ತೂಕವು ಏರದು, ಎದೆಯಲ್ಲಿ ಸೋಂಕು ಪದೇ ಪದೇ ಕಾಣಿಸಿಕೊಳ್ಳುವುದು.

ರಂಧ್ರದ ಮೂಲಕ ನುಗ್ಗುವ ರಕ್ತವು ಸದ್ದು ಮಾಡುವುದು. ಈ ಸದ್ದನ್ನು ೧೮೭೯ರಲ್ಲಿ ಫ್ರಾನ್ಸಿನ ವೈದ್ಯ ಆನ್ರಿ ರೊಜೇ ವಿವರಿಸಿದನು. ಸದ್ದು ಜೋರಾಗಿದ್ದಷ್ಟೂ ರಂಧ್ರ ದೊಡ್ಡದೆಂದು ತಿಳಿಯಬಾರದು. ನಲ್ಲಿಗೆ ಹಾಕಿದ ರಬ್ಬರ್ ಕೊಳವೆಯ ಬಾಯನ್ನು ಬೆರಳಿನಿಂದ ಒತ್ತಿದರೆ ನೀರು ಸುಯ್ಯೆಂದು ಚಿಮ್ಮುವಂತೆ, ಸಣ್ಣ ರಂಧ್ರವೇ ಅನೇಕ ವೇಳೆ ಹೆಚ್ಚು ಗದ್ದಲ ಮಾಡುವುದು. ಸಣ್ಣ ರಂಧ್ರಗಳಲ್ಲಿ ಅನೇಕವು ಕಾಲಕ್ರಮದಲ್ಲಿ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ದೊಡ್ಡ ರಂಧ್ರವನ್ನು ಹಾಗೆಯೇ ಬಿಟ್ಟರೆ ಶ್ವಾಸಕೋಶದ ನಾಳಗಳು ವರ್ಷಗಳ ಒತ್ತಡಕ್ಕೆ ಸಿಕ್ಕಿ ಗಡುಸಾಗಿ ಕಿರಿದಾಗುತ್ತವೆ. ಆ ಬಳಿಕ ರಂಧ್ರವನ್ನು ಮುಚ್ಚಿಯೂ ಪ್ರಯೋಜನವಿಲ್ಲ. ಆದುದರಿಂದ ಚಿಕಿತ್ಸೆಗೆ ಒಂದು ಕಾಲಮಿತಿಯುಂಟು.

ನಾಲ್ಕು ನಿಮಿಷಗಳ ಗಡುವು

ಗೋಡೆಯ ರಂಧ್ರವನ್ನು ಹೊಲಿದು ಮುಚ್ಚುವುದು ಕೈಚಳಕದ ದೃಷ್ಟಿಯಿಂದ ಅಸಾಧ್ಯವಾದ ಕೆಲಸವಲ್ಲ. ಆದರೆ ಹೊಲಿಯಬೇಕಾದರೆ ಹೃದಯವನ್ನು ತೆರೆಯಬೇಕು. ತೆರೆಯಬೇಕಾದರೆ ಅದರೊಳಗೆ ರಕ್ತವಿರಬಾರದು. ರಕ್ತದ ಹರಿವನ್ನು ನಿಲ್ಲಿಸಿದರೆ ಸುಮಾರು ನಾಲ್ಕು ನಿಮಿಷಗಳಲ್ಲಿ ಮಿದುಳಿಗೆ ಹಾನಿಯಾಗಲು ತೊಡಗುವುದು. ಅಷ್ಟರಲ್ಲಿ ರಂಧ್ರವನ್ನು ಹುಡುಕಿ, ಹೊಲಿದು, ಹೃದಯವನ್ನು ಮುಚ್ಚುವುದಾದರೂ ಹೇಗೆ?

ದೇಹವನ್ನು ತಣಿಸಿದರೆ ಮಿದುಳಿಗೆ ಬೇಕಾಗುವ ಆಮ್ಲಜನಕವು ಕಡಮೆಯಾಗುವುದು. ಈ ತತ್ತ್ವವನ್ನು ಬಳಸಿ ೧೯೫೨ರ ಸೆಪ್ಟೆಂಬರ್ ೨ರಂದು ಮಿನ್ನೆಸೋಟದಲ್ಲಿಯೇ ಜಾನ್ ಲೂಯಿಸ್ ಎಂಬ ಶಸ್ತ್ರವೈದ್ಯನು ಐದು ವರ್ಷದ ಹುಡುಗಿಯೊಬ್ಬಳ ದೇಹವನ್ನು ೨೮ ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ, ಹೃತ್ಕರ್ಣಗಳ ನಡುವಣ ರಂಧ್ರವನ್ನು ಐದೂವರೆ ನಿಮಿಷಗಳಲ್ಲಿ ಮುಚ್ಚಿದನು. ಹುಡುಗಿ ಬದುಕಿದಳು. ಆದರೆ ಹೃತ್ಕುಕ್ಷಿಗಳ ನಡುವಣ ರಂಧ್ರವು ಇನ್ನೂ ಆಳದಲ್ಲಿರುವುದು. ಅದನ್ನು ಮುಚ್ಚಲು ಅಷ್ಟು ಸಮಯ ಸಾಲದು.

ಇನ್ನೊಂದು ದಾರಿಯು ಯಂತ್ರದ್ದು. ಫಿಲಡೆಲ್ಫಿಯ ನಗರದ ಜಾನ್ ಗಿಬ್ಬನ್ ಸುಮಾರು ಎರಡು ದಶಕಗಳ ಕಾಲ ದುಡಿದು, ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ತಾನೇ ಮಾಡಬಲ್ಲ ಯಂತ್ರವೊಂದನ್ನು ನಿರ್ಮಿಸಿದನು. ೧೯೫೩ರ ಮೇ ೬ರಂದು ಅದರ ನೆರವಿನಿಂದ ಹದಿನೆಂಟು ವರ್ಷದ ಯುವತಿಯೊಬ್ಬಳ ಹೃದಯದ ರಂಧ್ರವನ್ನು ಮುಚ್ಚಿದನು. ಆದರೆ ಆ ಬಳಿಕ ಅದೇ ಯಂತ್ರದ ಆಸರೆಯಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ಇಬ್ಬರು ಚಿಕ್ಕ ಮಕ್ಕಳು ಉಳಿಯಲಿಲ್ಲ. ಮನನೊಂದ ಗಿಬ್ಬನ್ ಆ ಕಾರ್ಯದಿಂದ ಹಿಂದೆ ಸರಿದನು.

ಗರ್ಭದ ಮಾದರಿ

ಈ ವೇಳೆಗೆ ಇಂಗ್ಲೆಂಡಿನಿಂದ ಒಂದು ಅನಿರೀಕ್ಷಿತವಾದ ಸುದ್ದಿ ಬಂದಿತು. ಹೃದಯಕ್ಕೆ ರಕ್ತವನ್ನು ತರುವ ಎರಡು ಮಹಾ ಅಭಿಧಮನಿಗಳನ್ನೂ ಬಿಗಿದು, ಅವುಗಳ ಒಂದು ಚಿಕ್ಕ ಉಪನದಿಯಂತಿರುವ ಅಜೈಗಸ್ ಎಂಬ ಅಭಿಧಮನಿಯನ್ನು ಮಾತ್ರ ತೆರೆದಿಟ್ಟರೂ ನಾಯಿಗಳು ಅರ್ಧ ಗಂಟೆಗೂ ಹೆಚ್ಚು ಕಾಲ ಬದುಕಿರುತ್ತವೆ ಎಂದು ಆಂಡ್ರಿಯಾಸೆನ್ ಮತ್ತು ವಾಟ್ಸನ್ ಎಂಬ ಶಸ್ತ್ರವೈದ್ಯರು ೧೯೫೨ರಲ್ಲಿ ಪ್ರಕಟಿಸಿದರು. ಆ ಚಿಕ್ಕ ನಾಳದಲ್ಲಿ ಹರಿಯುವುದು ಸಾಮಾನ್ಯವಾದ ಹರಿವಿನ ಹತ್ತನೆಯ ಒಂದು ಪಾಲಿನಷ್ಟು ರಕ್ತ. ಇದರ ಅರ್ಥವೇನು? ದೇಹವು ವಿಶ್ರಾಂತಿಯಲ್ಲಿರುವಾಗ ಅಲ್ಪಕಾಲ ಅತಿ ಕಡಮೆ ರಕ್ತದಿಂದಲೂ ಪ್ರಾಣವನ್ನು ಹಿಡಿದುಕೊಂಡಿರಬಲ್ಲದು. ಯಂತ್ರವು ಹೃದಯದ ಪೂರ್ಣ ಹರಿವನ್ನೇ ಕೊಡಬೇಕೆಂದು ಶಸ್ತ್ರವೈದ್ಯರು ಅದುವರೆಗೆ ಭಾವಿಸಿದ್ದರು. ಆ ಭಾವನೆಯು ಇಲ್ಲಿ ಸಡಿಲವಾಯಿತು.

ಮಿನ್ನೆಸೋಟದ ವಾಲ್ಟನ್ ಲಿಲೆಹೈ ಮತ್ತು ಆತನ ಸಹೋದ್ಯೋಗಿಗಳಾದ ಮಾರ್ಲಿ ಕೋಹೆನ್, ಹರ್ಬರ್ಟ್ ವಾರ್ಡನ್, ರಿಚರ್ಡ್ ವಾರ್ಕೊ ಇವರು ಈ ಸಂಗತಿಯನ್ನು ಮತ್ತೊಂದಕ್ಕೆ ಜೋಡಿಸಿದರು. ಗರ್ಭದಲ್ಲಿರುವ ಶಿಶುವಿನ ಶ್ವಾಸಕೋಶಗಳು ಉಸಿರಾಡುವುದಿಲ್ಲ. ಅದಕ್ಕೆ ಬೇಕಾದ ಆಮ್ಲಜನಕವನ್ನು ಮಾಸಿನ ಮೂಲಕ ಒದಗಿಸುವುದು ತಾಯಿಯ ರಕ್ತ. ಒಂದು ಜೀವವು ಇನ್ನೊಂದು ಜೀವದ ಉಸಿರಾಟವನ್ನು ನಡೆಸುವುದಕ್ಕೆ ನಿಸರ್ಗದಲ್ಲಿಯೇ ಉದಾಹರಣೆಯಿರುವಾಗ, ಹುಟ್ಟಿದ ಮಗುವಿಗೆ ತಂದೆಯೋ ತಾಯಿಯೋ ಅರ್ಧ ಗಂಟೆ ಅದೇ ನೆರವನ್ನು ಏಕೆ ಕೊಡಬಾರದು? ನಾಯಿಗಳ ಮೇಲೆ ದೀರ್ಘವಾದ ಪ್ರಯೋಗಗಳನ್ನು ನಡೆಸಿ ಅವರು ವಿಧಾನವನ್ನು ಸಿದ್ಧಪಡಿಸಿದರು.

೧೯೫೪ರ ಮಾರ್ಚ್ ೨೬

ಆ ಹದಿಮೂರು ತಿಂಗಳ ಗಂಡುಮಗುವಿಗೆ ಹೃತ್ಕುಕ್ಷಿಗಳ ನಡುವೆ ರಂಧ್ರವಿತ್ತು. ನ್ಯುಮೋನಿಯ ಪದೇ ಪದೇ ಬಂದು ಮಗು ಬಹಳ ಸೊರಗಿತ್ತು. ಅದರ ತಂದೆತಾಯಿಗಳು ಕೆಲವೇ ವರ್ಷಗಳ ಹಿಂದೆ ಇದೇ ದೋಷದಿಂದ ಒಬ್ಬ ಮಗಳನ್ನು ಕಳೆದುಕೊಂಡಿದ್ದರು. ಆದುದರಿಂದ ಸುಮ್ಮನೆ ಕಾದರೆ ಏನಾಗುವುದೆಂಬುದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ತಂದೆಯ ರಕ್ತದ ಗುಂಪು ಮಗನದಕ್ಕೆ ಹೊಂದುತ್ತಿತ್ತು. ಇಲ್ಲಿಯವರೆಗೆ ಯಾವ ಮನುಷ್ಯನ ಮೇಲೂ ಈ ರೀತಿಯಲ್ಲಿ ನಡೆಯದಿದ್ದ ಹೃದಯದ ಶಸ್ತ್ರಚಿಕಿತ್ಸೆಗೆ ಅವರು ಒಪ್ಪಿಗೆ ಕೊಟ್ಟರು.

ಆ ಬೆಳಗ್ಗೆ ಒಂದೇ ಕೊಠಡಿಯಲ್ಲಿ ಎರಡು ಮೇಜುಗಳನ್ನು ಅಣಿಗೊಳಿಸಲಾಯಿತು. ಒಂದರ ಮೇಲೆ ಮಗು, ಇನ್ನೊಂದರ ಮೇಲೆ ತಂದೆ, ಇಬ್ಬರಿಗೂ ಅರಿವಳಿಕೆ. ರಕ್ತವು ಕೊಳವೆಗಳಲ್ಲಿ ಹೆಪ್ಪುಗಟ್ಟದಂತೆ ಹೆಪಾರಿನ್ ಎಂಬ ವಸ್ತುವನ್ನು ಕೊಟ್ಟರು. ಮಗುವಿನ ಮಹಾ ಅಭಿಧಮನಿಗಳಿಂದ ಕಪ್ಪುಗೆಂಪು ರಕ್ತವನ್ನು ಒಂದು ಕೊಳವೆಯ ಮೂಲಕ ತೆಗೆದು ತಂದೆಯ ತೊಡೆಸಂದಿನ ಅಭಿಧಮನಿಯೊಳಕ್ಕೆ ಬಿಟ್ಟರು. ಅದು ತಂದೆಯ ಹೃದಯವನ್ನು ಸೇರಿ, ಆತನ ಶ್ವಾಸಕೋಶಗಳಲ್ಲಿ ಆಮ್ಲಜನಕವನ್ನು ಪಡೆಯಿತು. ಆತನ ತೊಡೆಯ ಅಪಧಮನಿಯಿಂದ ತೆಗೆದ ಕೆಂಪು ರಕ್ತವು ಇನ್ನೊಂದು ಕೊಳವೆಯ ಮೂಲಕ ಮಗುವಿನ ಅಪಧಮನಿಯನ್ನು ಸೇರಿತು. ನಡುವೆ ಇದ್ದುದು ಒಂದು ಪಂಪು ಮಾತ್ರ. ಲೋಹದ ಬೆರಳುಗಳು ಕೊಳವೆಯನ್ನು ಸಾಲಾಗಿ ಅದುಮುತ್ತ, ರಕ್ತವನ್ನು ಎಲ್ಲಿಯೂ ಸೋಕದೆ ಮುಂದಕ್ಕೆ ಸಾಗಿಸುವ ಪಂಪು ಅದು. ಎರಡು ಕೊಳವೆಗಳಲ್ಲಿಯೂ ಹರಿವು ಸಮನಾಗಿರಬೇಕಾದುದು ಅತ್ಯಗತ್ಯ. ಸ್ವಲ್ಪ ಹೆಚ್ಚುಕಡಮೆಯಾದರೂ ಒಬ್ಬರ ರಕ್ತವು ಇನ್ನೊಬ್ಬರ ದೇಹದಲ್ಲಿ ಸೇರಿ ಉಳಿದುಬಿಡುವುದಷ್ಟೆ.

ಹತ್ತೊಂಬತ್ತು ನಿಮಿಷಗಳ ಕಾಲ ಮಗನ ದೇಹವನ್ನು ತಂದೆಯ ಹೃದಯವೂ ಶ್ವಾಸಕೋಶಗಳೂ ಪೋಷಿಸಿದವು. ಆ ಅವಧಿಯಲ್ಲಿ ಲಿಲೆಹೈ ಮಗುವಿನ ಹೃದಯವನ್ನು ತೆರೆದು, ರಂಧ್ರವನ್ನು ಕಣ್ಣಾರೆ ಕಂಡು, ಹೊಲಿದು ಮುಚ್ಚಿದನು.

ತಂದೆಯ ಮೇಲೆ ಬಿದ್ದ ಹೊರೆ ಎಷ್ಟು?

ಇದನ್ನು ಓದುಗರು ತಾವೇ ಲೆಕ್ಕ ಹಾಕಬಹುದು. ಮಗುವಿನ ತೂಕವು ೭ ಕಿಲೋಗ್ರಾಂ ಎಂದು ಇಟ್ಟುಕೊಳ್ಳೋಣ. ಈ ಶಸ್ತ್ರಚಿಕಿತ್ಸೆಗಳಲ್ಲಿ ಪ್ರತಿ ಕಿಲೋಗ್ರಾಂ ತೂಕಕ್ಕೆ ನಿಮಿಷಕ್ಕೆ ಸುಮಾರು ೩೦ ಮಿಲಿಲೀಟರಿನಂತೆ ರಕ್ತವನ್ನು ಹರಿಸಲಾಯಿತು. ಹಾಗಾದರೆ ಮಗುವಿಗೆ ಬೇಕಾದುದು ನಿಮಿಷಕ್ಕೆ ೭ × ೩೦ = ೨೧೦ ಮಿಲಿಲೀಟರ್. ವಿಶ್ರಾಂತಿಯಲ್ಲಿರುವ ವಯಸ್ಕನ ಹೃದಯವು ನಿಮಿಷಕ್ಕೆ ಸುಮಾರು ೫,೦೦೦ ಮಿಲಿಲೀಟರ್ ರಕ್ತವನ್ನು ನೂಕುವುದು. ಎಂದರೆ ತಂದೆಯು ಕೊಡಬೇಕಾಗಿದ್ದುದು ತನ್ನ ಹರಿವಿನ ಸುಮಾರು ಇಪ್ಪತ್ತನಾಲ್ಕನೆಯ ಒಂದು ಪಾಲು. ಮೆಟ್ಟಿಲು ಹತ್ತುವಾಗ ನಮ್ಮ ಹೃದಯವು ಹೆಚ್ಚಿಸಿಕೊಳ್ಳುವ ಹರಿವು ಇದಕ್ಕಿಂತ ಎಷ್ಟೋ ಪಾಲು ಅಧಿಕ.

ತಂದೆಯ ದೇಹವು ಪಂಪಿನ ಕೆಲಸವೊಂದನ್ನೇ ಮಾಡಲಿಲ್ಲವೆಂಬುದನ್ನೂ ಗಮನಿಸಬೇಕು. ಅವನ ಶ್ವಾಸಕೋಶಗಳು ಇಂಗಾಲದ ಡೈಆಕ್ಸೈಡನ್ನು ಹೊರಹಾಕಿದವು. ಮೂತ್ರಪಿಂಡ, ಪಿತ್ತಜನಕಾಂಗಗಳು ರಕ್ತದ ಆಮ್ಲತೆ, ಲವಣ, ಸಕ್ಕರೆಗಳನ್ನು ಹದದಲ್ಲಿಟ್ಟವು. ದೇಹದ ಶಾಖವು ರಕ್ತವನ್ನು ಬೆಚ್ಚಗಿರಿಸಿತು. ಅಂದಿನ ಯಾವ ಯಂತ್ರವೂ ಇಷ್ಟೆಲ್ಲ ಕೆಲಸಗಳನ್ನು ಒಟ್ಟಿಗೆ ಮಾಡಲಾರದಾಗಿತ್ತು.

ಆದರೂ ಅಪಾಯವು ಇಲ್ಲದಿರಲಿಲ್ಲ. ಆರೋಗ್ಯವಂತನಾದ ಮನುಷ್ಯನೊಬ್ಬನನ್ನು ಮೇಜಿನ ಮೇಲೆ ಮಲಗಿಸಿ ಅವನ ರಕ್ತನಾಳಗಳಿಗೆ ಕೊಳವೆ ಹಾಕುವುದು ಧರ್ಮವೇ ಎಂದು ಅನೇಕ ವೈದ್ಯರು ಪ್ರಶ್ನಿಸಿದರು. ಒಂದು ಶಸ್ತ್ರಚಿಕಿತ್ಸೆಯಲ್ಲಿ ನೂರಕ್ಕೆ ಇನ್ನೂರರಷ್ಟು ಸಾವು ಸಂಭವಿಸಬಹುದಾದ ವಿಧಾನವಿದು ಎಂಬ ಟೀಕೆಯು ಪ್ರಸಿದ್ಧವಾಗಿದೆ. ಟೀಕೆಯಲ್ಲಿ ಸತ್ಯವಿತ್ತು. ಇನ್ನೊಂದು ತಟ್ಟೆಯಲ್ಲಿ ಇದ್ದುದು ಬೇರೆ ಯಾವ ಉಪಾಯವೂ ಇಲ್ಲದ ಒಂದು ಮಗುವಿನ ಪ್ರಾಣ.

ನಲವತ್ತೈದು ಮಕ್ಕಳು

ಆ ಮೊದಲ ಮಗು ಬದುಕಿ ಉಳಿಯಲಿಲ್ಲ. ಶಸ್ತ್ರಚಿಕಿತ್ಸೆಯ ಹನ್ನೊಂದನೆಯ ದಿನ ನ್ಯುಮೋನಿಯದಿಂದ ತೀರಿಕೊಂಡಿತು. ಮರಣೋತ್ತರ ಪರೀಕ್ಷೆಯಲ್ಲಿ ಹೃದಯದ ರಂಧ್ರವು ಚೆನ್ನಾಗಿ ಮುಚ್ಚಿಕೊಂಡಿದ್ದುದು ಕಂಡುಬಂದಿತು. ಎರಡು ಮಕ್ಕಳನ್ನು ಒಂದೇ ದೋಷಕ್ಕೆ ಒಪ್ಪಿಸಿದ ಆ ತಂದೆತಾಯಿಗಳ ದುಃಖವನ್ನು ಯಾವ ವಿಜ್ಞಾನವೂ ಅಳೆಯಲಾರದು. ಆದರೆ ಅವರು ಕೊಟ್ಟ ಒಪ್ಪಿಗೆಯು ವ್ಯರ್ಥವಾಗಲಿಲ್ಲ. ಮರುತಿಂಗಳಾದ ಏಪ್ರಿಲಿನಲ್ಲಿಯೇ ಇನ್ನಿಬ್ಬರು ಮಕ್ಕಳಿಗೆ ಅದೇ ವಿಧಾನದಿಂದ ಶಸ್ತ್ರಚಿಕಿತ್ಸೆ ನಡೆದು ಇಬ್ಬರೂ ಬದುಕಿದರು. ಆಗಸ್ಟ್ ೩೧ರಂದು ಹತ್ತು ವರ್ಷದ ಹುಡುಗನೊಬ್ಬನ, ನಾಲ್ಕು ದೋಷಗಳು ಕೂಡಿದ್ದ ಜಟಿಲವಾದ ಹೃದಯವನ್ನು ಸರಿಪಡಿಸಲಾಯಿತು. ಆ ಹುಡುಗನದು ಬಹಳ ವಿರಳವಾದ ರಕ್ತದ ಗುಂಪು. ಮನೆಯವರಲ್ಲಿ ಯಾರ ರಕ್ತವೂ ಹೊಂದಲಿಲ್ಲ. ಹೆದ್ದಾರಿಯ ಕೆಲಸಗಾರನಾಗಿದ್ದ, ಯಾವ ಬಾಂಧವ್ಯವೂ ಇಲ್ಲದ ಒಬ್ಬ ಮನುಷ್ಯನು ಬಂದು ಪಕ್ಕದ ಮೇಜಿನ ಮೇಲೆ ಮಲಗಿದನು.

೧೯೫೫ರ ಜುಲೈವರೆಗೆ ಒಟ್ಟು ೪೫ ರೋಗಿಗಳಿಗೆ ಈ ಚಿಕಿತ್ಸೆ ನಡೆಯಿತು. ಅವರಲ್ಲಿ ೨೮ ಮಂದಿ ಬದುಕಿ ಮನೆಗೆ ಮರಳಿದರು. ಮೂವತ್ತು ವರ್ಷಗಳ ಬಳಿಕವೂ ೨೨ ಮಂದಿ ಜೀವಿಸಿದ್ದರು. ನೆರವು ಕೊಟ್ಟವರಲ್ಲಿ ಯಾರೂ ಸಾಯಲಿಲ್ಲ. ಆದರೆ ಒಬ್ಬ ತಾಯಿಯ ರಕ್ತನಾಳಕ್ಕೆ ಗಾಳಿಯ ಗುಳ್ಳೆ ಸೇರಿ ಆಕೆಯ ಮಿದುಳಿಗೆ ತೀವ್ರವಾದ ಹಾನಿಯಾಯಿತು. ಈ ಬೆಲೆಯನ್ನು ಮರೆತು ಲೆಕ್ಕವನ್ನು ಮುಗಿಸುವುದು ನ್ಯಾಯವಲ್ಲ.

ಅಷ್ಟರಲ್ಲಿ ಯಂತ್ರಗಳು ಸುಧಾರಿಸಿದ್ದವು. ೧೯೫೫ರ ಮಾರ್ಚ್ ೨೨ರಂದು ಅದೇ ರಾಜ್ಯದ ಮೇಯೊ ಕ್ಲಿನಿಕ್ಕಿನಲ್ಲಿ ಜಾನ್ ಕರ್ಕ್ಲಿನ್ ಗಿಬ್ಬನ್ ಮಾದರಿಯ ಸುಧಾರಿತ ಯಂತ್ರವನ್ನು ಬಳಸಿದನು. ಮೇ ೧೩ರಂದು ಲಿಲೆಹೈ ತನ್ನ ಸಹೋದ್ಯೋಗಿ ರಿಚರ್ಡ್ ಡಿವಾಲ್ ರೂಪಿಸಿದ, ರಕ್ತದೊಳಕ್ಕೆ ಆಮ್ಲಜನಕದ ಗುಳ್ಳೆಗಳನ್ನು ಹಾಯಿಸುವ ಸರಳವಾದ ಸಾಧನವನ್ನು ಬಳಕೆಗೆ ತಂದನು. ತಂದೆತಾಯಿಗಳು ಮೇಜಿನ ಮೇಲೆ ಮಲಗುವ ಅಗತ್ಯವು ತೀರಿತು.

ಇಂದಿನ ವಾರ್ಡಿನಲ್ಲಿ

ಇಂದು ಇಂತಹ ಮಗುವಿನೊಡನೆ ಆಸ್ಪತ್ರೆಗೆ ಬರುವ ಸಂಸಾರವು ಮೊದಲು ಕಾಣುವುದು ಎಕೋ ಪರೀಕ್ಷೆಯನ್ನು. ಕಿವಿಗೆ ಕೇಳಿಸದ ಶಬ್ದತರಂಗಗಳು ಹೃದಯದಿಂದ ಪ್ರತಿಧ್ವನಿಸಿ ಬಂದು, ರಂಧ್ರ ಎಲ್ಲಿದೆ, ಎಷ್ಟು ದೊಡ್ಡದು ಎಂಬುದನ್ನು ತೆರೆಯ ಮೇಲೆ ತೋರಿಸುವುವು. ಮಗುವಿನ ಕಾಲಿಗೆ ಸುತ್ತಿದ ಕೆಂಪು ದೀಪದ ಪಟ್ಟಿಯು ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂಬುದನ್ನು ಅಳೆಯುವುದು. ಆಮ್ಲಜನಕ ತುಂಬಿದ ರಕ್ತವೂ ಆಮ್ಲಜನಕ ಕಳೆದ ರಕ್ತವೂ ಕೆಂಪು ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುವುದೇ ಈ ಅಳತೆಗೆ ಆಧಾರ. ಜಪಾನಿನ ತಕುಒ ಅವೊಯಾಗಿ ಎಂಬ ಎಂಜಿನಿಯರನು ೧೯೭೪ರಲ್ಲಿ ಈ ತತ್ತ್ವವನ್ನು ಪ್ರಕಟಿಸಿದನು.

ತಾಯಿಯ ಕೆಲಸವು ಇಲ್ಲಿ ಸಣ್ಣದಲ್ಲ. ಮಗುವಿಗೆ ಎದೆಯನ್ನು ಚೀಪುವ ಶಕ್ತಿಯಿಲ್ಲದಿದ್ದರೆ ಹಿಂಡಿದ ಹಾಲನ್ನು ಅಳೆದು, ಮೂಗಿನಿಂದ ಹೊಟ್ಟೆಗೆ ಇಳಿಸಿದ ತೆಳುವಾದ ಕೊಳವೆಯ ಮೂಲಕ ಕೊಡುವರು. ಪ್ರತಿದಿನವೂ ಮಗುವನ್ನು ತೂಗುವರು. ಒದ್ದೆಯಾದ ಬಟ್ಟೆಯನ್ನೂ ತೂಗಿ ಮೂತ್ರದ ಲೆಕ್ಕವಿಡುವರು. ಐವತ್ತು ಗ್ರಾಂ ತೂಕವು ಏರಿದುದು ಆ ಮನೆಯವರಿಗೆ ಹಬ್ಬದ ಸುದ್ದಿ. ಶಸ್ತ್ರಚಿಕಿತ್ಸೆಯ ದಿನ ಯಂತ್ರವು ಹೃದಯದ ಕೆಲಸವನ್ನು ವಹಿಸಿಕೊಳ್ಳುವುದು. ರಂಧ್ರಕ್ಕೆ ತೇಪೆ ಹಾಕುವರು. ನುರಿತ ಕೇಂದ್ರಗಳಲ್ಲಿ ಹೆಚ್ಚಿನವುಗಳಲ್ಲಿ ಈ ಶಸ್ತ್ರಚಿಕಿತ್ಸೆಯಿಂದಾಗುವ ಸಾವು ನೂರಕ್ಕೆ ಒಂದೆರಡನ್ನು ಮೀರುವುದಿಲ್ಲ.

ನಮ್ಮ ನಾಡಿನಲ್ಲಿಯೂ ಈ ಸೌಲಭ್ಯಗಳಿವೆ. ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಗಳು ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿವೆ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳನ್ನು ಪರೀಕ್ಷಿಸುವಾಗ ಹೃದಯದೋಷವನ್ನೂ ನೋಡಲಾಗುತ್ತದೆ. ಹಾಲು ಕುಡಿಯುವಾಗ ಬೆವರುವ, ತೂಕವೇರದ ಕೂಸು ನೆರೆಹೊರೆಯಲ್ಲಿದ್ದರೆ ‘ಬೆಳೆದಂತೆ ಸರಿಹೋಗುತ್ತದೆ’ ಎಂದು ಕಾಯದೆ ವೈದ್ಯರಿಗೆ ತೋರಿಸುವಂತೆ ಹೇಳುವುದು ವಿದ್ಯಾರ್ಥಿಗಳಿಂದಲೂ ಆಗಬಹುದಾದ ಉಪಕಾರ.

ಕಡೆಯದಾಗಿ ಇನ್ನೊಂದು ಲೆಕ್ಕ. ಮಗುವಿನ ದೇಹದಲ್ಲಿ ಕಿಲೋಗ್ರಾಂ ಒಂದಕ್ಕೆ ಸುಮಾರು ೮೦ ಮಿಲಿಲೀಟರಿನಂತೆ ರಕ್ತವಿರುತ್ತದೆ. ೭ ಕಿಲೋಗ್ರಾಂ ತೂಕದ ಮಗುವಿನ ಒಟ್ಟು ರಕ್ತವು ೫೬೦ ಮಿಲಿಲೀಟರ್ ಮಾತ್ರ. ಯಂತ್ರದ ಕೊಳವೆಗಳನ್ನು ಬರಿಯ ಲವಣದ್ರವದಿಂದ ತುಂಬಿ ಇಷ್ಟು ಅಲ್ಪ ರಕ್ತಕ್ಕೆ ಜೋಡಿಸಿದರೆ ರಕ್ತವು ತೀರ ತೆಳುವಾಗುವುದು. ಆದುದರಿಂದ ಹಸುಳೆಗಳ ಶಸ್ತ್ರಚಿಕಿತ್ಸೆಯಲ್ಲಿ ಯಂತ್ರಕ್ಕೆ ರಕ್ತನಿಧಿಯ ರಕ್ತವನ್ನು ಬೆರೆಸಬೇಕಾಗುತ್ತದೆ. ೧೯೫೪ರಲ್ಲಿ ತಂದೆಯು ಪಕ್ಕದ ಮೇಜಿನಲ್ಲಿ ಮಲಗಿ ಕೊಟ್ಟ ನೆರವಿನ ಒಂದು ಅಂಶವನ್ನು ಇಂದು ಮಗುವಿನ ಮುಖವನ್ನೇ ನೋಡದ ಯಾರೋ ಕೊಡುತ್ತಿರುವರು. ನಮ್ಮ ದೇಶದಲ್ಲಿ ಹದಿನೆಂಟು ವರ್ಷ ತುಂಬಿದ, ೪೫ ಕಿಲೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ತೂಕವಿರುವ ಆರೋಗ್ಯವಂತರು ರಕ್ತದಾನ ಮಾಡಬಹುದು. ಕಾಲೇಜಿನ ಓದುಗರಲ್ಲಿ ಅನೇಕರು ಈ ವಯಸ್ಸನ್ನು ಆಗಲೇ ತಲಪಿದ್ದಾರೆ. ಪ್ರೌಢಶಾಲೆಯವರಿಗೆ ಇನ್ನು ಕೆಲವೇ ವರ್ಷಗಳು.